ಗಾಜಿಗೊಂದು ಡಬ್ಬ

ವಿಶ್ವವಿದ್ಯಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುವುದು ತಕರಾರಮ್ಮ ಎಂದೇ. ವಿಜ್ಞಾನ ವಿಭಾಗದ ಹಿಂದಿನ ಶೆಡ್ಡಿನಲ್ಲಿ ತಂಗಿಯ ಜೊತೆ ಕಸ ಬೇರ್ಪಡಿಸುವುದು ಅವಳ ಕೆಲಸ. ಹನ್ನೊಂದು ವರ್ಷದಿಂದ ಅವಳದು ಒಂದೇ ತಕರಾರು: ಪ್ರಯೋಗಾಲಯದ ಬಾಗಿಲಲ್ಲಿ ಒಡೆದ ಗಾಜಿಗೆಂದು ಒಂದು ತಗಡಿನ ಡಬ್ಬ ಇಡಿ. ಅವಳೇನು ಆಕಾಶದ ಚಂದ್ರನನ್ನು ಕೇಳಿದ್ದಳೇ?

"ಮುಂದಿನ ಮೀಟಿಂಗಲ್ಲಿ ನೋಡೋಣಮ್ಮ" ಎನ್ನುವುದು ಪರಿಸರ ಸಮಿತಿಯ ಅಧ್ಯಕ್ಷರ ಉತ್ತರ. ಮೀಟಿಂಗುಗಳೇನೋ ಆದವು. ಹಸಿರು, ನೀಲಿ, ಕೆಂಪು ಬುಟ್ಟಿಗಳೂ ಬಂದವು. ಆದರೆ ಕಸ ಸಾಗಿಸಲು ಗಾಡಿ ಒಂದೇ. ಬೇರೆ ಬೇರೆ ಬುಟ್ಟಿಗೆ ಬಿದ್ದದ್ದೆಲ್ಲ ಅದರೊಳಗೆ ಕಲಸಿಕೊಂಡು ಅವಳ ಮುಂದೆ ಬಂದು ಸುರಿಯುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಹೋದ ತಿಂಗಳು ಕ್ಯಾಂಟೀನಿನ ಎಂಜಲಿನೊಳಗೆ ಅಡಗಿದ್ದ ಬೀಕರಿನ ಚೂರೊಂದು ಕೈಗವಸನ್ನು ಸೀಳಿ ತಂಗಿಯ ತೋರುಬೆರಳನ್ನು ಕತ್ತರಿಸಿತು. ಹೊಲಿಗೆ ಬಿಚ್ಚಿದ ಮೇಲೂ ಬೆರಳು ಬಗ್ಗಲಿಲ್ಲ.

"ಹೋಗ್ಲಿ ಬಿಡಕ್ಕ, ಇನ್ನೂ ಒಂಬತ್ತಿವೆಯಲ್ಲ" ಎಂದು ತಂಗಿ ನಕ್ಕಳು.

"ಆ ಒಂಬತ್ತನ್ನೂ ಅವರಿಗೇ ಕೊಟ್ಟುಬಿಡ್ತೀಯೇನೇ?" ಎಂದು ಗದರಿದವಳೇ ತಕರಾರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಅಷ್ಟರಲ್ಲಿ ವಿಶ್ವವಿದ್ಯಾಲಯಕ್ಕೆ 'ಕಸಮುಕ್ತ ಆವರಣ' ಎಂಬ ಪ್ರಶಸ್ತಿ ಬಂದುಬಿಟ್ಟಿತು! ಸಮಾರಂಭದಲ್ಲಿ ಕುರ್ಚಿಗೊಂದರಂತೆ ಪ್ಲಾಸ್ಟಿಕ್ ನೀರಿನ ಬಾಟಲಿ. ನಾಳೆ ಇವೆಲ್ಲ ತನ್ನ ಪಾಲಿಗೇ ಎಂದು ಅವಳು ಹಲ್ಲು ಕಡಿದಳು. ಪ್ರಶಸ್ತಿಯಾದರೂ ಏನು? ಥರ್ಮಾಕೋಲಿನೊಳಗಿಂದ ಹೊರಬಂದ ದಪ್ಪ ಗಾಜಿನ ಫಲಕ. ಫೋಟೋಕ್ಕೆಂದು ಅಧ್ಯಕ್ಷರು ಅವಳನ್ನು ವೇದಿಕೆಗೆ ಕರೆದು ಅದನ್ನು ಕೈಗಿತ್ತರು.

"ಸಾರ್, ಇದು ಒಡೆದುಹೋದ್ರೆ ಯಾವ ಬುಟ್ಟಿಗೆ ಹಾಕ್ಬೇಕು?" ಎಂದಳು ಅವಳು.

ಅವಳು ಹಿಡಿತವನ್ನು ಒಂದಿಷ್ಟು ಸಡಿಲಿಸಿದಳು. ಅಧ್ಯಕ್ಷರು ಹಾರಿಬಿದ್ದು ಫಲಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಜೋಪಾನಮ್ಮಾ! ಕೈ ಕುಯ್ದುಬಿಡುತ್ತೆ!"

"ಅದನ್ನೇ ಸಾರ್, ನಾನು ಹನ್ನೊಂದು ವರ್ಷದಿಂದ ಹೇಳ್ತಾ ಇರೋದು."

ಮೈಕು ಅವಳ ಮಾತನ್ನು ಸಭೆಗೆಲ್ಲ ಕೇಳಿಸಿತು.

ಮರುದಿನ ಬೆಳಗ್ಗೆ ಪ್ರಯೋಗಾಲಯದ ಬಾಗಿಲಲ್ಲಿ ಡಬ್ಬ ಬಂದು ಕೂತಿತ್ತು. ಕ್ಯಾಂಟೀನಿನ ಖಾಲಿ ಎಣ್ಣೆ ಡಬ್ಬ, ಮೇಲೊಂದು 'ಗಾಜು' ಎಂಬ ಚೀಟಿ. ಹತ್ತು ನಿಮಿಷದ ಕೆಲಸ. ಪಕ್ಕದಲ್ಲಿ ನಿಂತಿದ್ದ ತಂಗಿಯ ನೆಟ್ಟಗಿನ ಬೆರಳು ಕಂಡದ್ದೇ ತಕರಾರಮ್ಮನಿಗೆ ಆ ಡಬ್ಬವನ್ನು ಜಾಡಿಸಿ ಒದೆಯಬೇಕು ಎನ್ನಿಸಿತು. ಒದೆಯಲಿಲ್ಲ. ಬಗ್ಗಿ, ಚೀಟಿಯ ಕಿತ್ತುಬಂದ ಅಂಚನ್ನು ಒತ್ತಿ ಅಂಟಿಸಿದಳು.