ಆ ಕೈ ನನ್ನದಲ್ಲ

ಇಪ್ಪತ್ತೆರಡು ವರ್ಷ ನಾನು ಒಂದೇ ಪಾತ್ರ ಮಾಡಿದ್ದೇನೆ. ಹಗಲೆಲ್ಲ ಹೈಸ್ಕೂಲಿನಲ್ಲಿ ಗಣಿತ ಪಾಠ, ಸಂಜೆ ಹನುಮಂತನಗರದ ಹವ್ಯಾಸಿ ತಂಡದಲ್ಲಿ ತಾಲೀಮು. ನಾಟಕ ಹಳೆಯದು, ಬರೆದವರು ತೀರಿಹೋಗಿ ಎಷ್ಟೋ ಕಾಲವಾಗಿದೆ. ರಾಜ ಸತ್ತಿರುತ್ತಾನೆ. ಅವನ ಮಗು ಹುಟ್ಟುವಾಗಲೇ ಸತ್ತಿತ್ತು ಎಂದು ತುಂಬಿದ ಸಭೆಯಲ್ಲಿ ಹೇಳುವಂತೆ ಮಂತ್ರಿ ಅರಮನೆಯ ದಾದಿಗೆ ಆಜ್ಞೆ ಮಾಡುತ್ತಾನೆ. ಅವಳು ಹೇಳುವುದಿಲ್ಲ. ಆ ದಾದಿ ನಾನು.

ರಿಟೈರ್ ಆದ ಮರುವರ್ಷ ಒಬ್ಬ ಹುಡುಗ ಜಯನಗರದ ನಮ್ಮ ಮನೆಗೆ ಬಂದ. ಮೂವತ್ತು ದಾಟಿರಬಹುದು. ಕಾಲೇಜಿನಲ್ಲಿದ್ದಾಗ ನಮ್ಮ ನಾಟಕ ನೋಡಿದ್ದನಂತೆ, ಈಗ ಅದನ್ನು ಸಿನಿಮಾ ಮಾಡುತ್ತಿದ್ದಾನಂತೆ. ಅರಮನೆ ಹೋಗಿ ಜೆ.ಪಿ. ನಗರದ ಬಿಲ್ಡರ್ ಮನೆ ಆಗಿತ್ತು. ದಾದಿ ಹೋಗಿ ಆ ಮನೆಯ ಆಯಾ. ಯಜಮಾನ ಸತ್ತ ಮೇಲೆ, 'ಈ ಹುಡುಗಿ ಅವರ ಮಗಳಲ್ಲ, ಎಲ್ಲಿಂದಲೋ ತಂದು ಸಾಕಿದ್ದು' ಎಂದು ಆಯಾ ಲಾಯರ್ ಆಫೀಸಿನಲ್ಲಿ ಬರೆದುಕೊಡಬೇಕು.

"ನೀವೇ ಮಾಡ್ಬೇಕು ಮೇಡಂ. ಬೇರೆ ಯಾರನ್ನೂ ಯೋಚ್ನೆ ಮಾಡಿಲ್ಲ" ಅಂದ.

ಖುಷಿಯಾಯಿತು. ಒಪ್ಪಿಕೊಂಡೆ.

ಅವನಿಂದ ಕಲಿತೆ ಎಂಬುದನ್ನು ಮುಚ್ಚಿಡುವುದಿಲ್ಲ. ಮೊದಲ ದಿನ ನಾನು ಕೊನೆಯ ಸಾಲಿನವರಿಗೂ ಕೇಳುವ ಹಾಗೆ ಮಾತಾಡಿದೆ. ಅವನು ಬಳಿಗೆ ಬಂದು, "ಕ್ಯಾಮೆರಾ ನಿಮ್ಮ ಪಕ್ಕದಲ್ಲೇ ಇದೆ ಮೇಡಂ, ಅದಕ್ಕೆ ಕಿವಿ ಚೆನ್ನಾಗಿ ಕೇಳ್ಸತ್ತೆ" ಅಂದ. ಅಡುಗೆಮನೆಯಲ್ಲಿ ಹುಡುಗಿಯ ತಲೆ ಬಾಚುತ್ತಾ ಸುಮ್ಮನಿರುವ ಒಂದು ದೃಶ್ಯವಿತ್ತು. ಅಂಥದ್ದನ್ನು ರಂಗದ ಮೇಲೆ ನಾನು ಯಾವತ್ತೂ ಮಾಡಿರಲಿಲ್ಲ.

ಸ್ಕ್ರಿಪ್ಟಿನ ಕೊನೆಯ ನಾಲ್ಕು ಪುಟ ಕೈಗೆ ಬಂದದ್ದು ಶೂಟಿಂಗ್ ಅರ್ಧ ಮುಗಿದ ಮೇಲೆ. ಓದಿದೆ. ಆಯಾ ಸಹಿ ಹಾಕಿಬಿಡುತ್ತಾಳೆ.

"ಇದೇನಪ್ಪಾ ಇದು?"

"ಇವತ್ತಿನ ಕಾಲಕ್ಕೆ ಅದೇ ನಿಜ ಮೇಡಂ. ಒಬ್ಬ ಬಡ ಹೆಂಗಸು ಅಷ್ಟು ಜನರ ಎದುರು ಆಗಲ್ಲ ಅಂತಾಳಾ? ಅದೆಲ್ಲ ನಾಟಕದಲ್ಲಿ ಸರಿ."

ಆ ಮಾತು ಎದೆಗೆ ಚುಚ್ಚಿತು. ಮನೆಗೆ ಬಂದರೂ ಅದೇ ಗುಂಗು. ಹಾಸಿಗೆ ಹಿಡಿದಿರುವ ನಮ್ಮಮ್ಮನನ್ನು ನೋಡಿಕೊಳ್ಳಲು ಸುದ್ದಗುಂಟೆಪಾಳ್ಯದಿಂದ ಒಬ್ಬ ಹೆಂಗಸು ಬರುತ್ತಾಳೆ. ಸಿನಿಮಾದ ನನ್ನ ಮಾತುಗಳನ್ನೆಲ್ಲ ಅವಳಿಗೇ ಒಪ್ಪಿಸುತ್ತಿದ್ದೆ. ಅವತ್ತು ಅಮ್ಮನಿಗೆ ರಾಗಿಗಂಜಿ ಕುಡಿಸುತ್ತಿದ್ದವಳು ಕೇಳಿದಳು.

"ಸೈನ್ ಹಾಕ್ತಾಳಾ? ಯಾಕಕ್ಕಾ?"

"ಬಡವಳು, ಹೆದರ್ತಾಳೆ ಅಂತೆ."

"ನಾನೂ ಬಡವಳೇ. ನಮ್ಮ ಮನೆಯವ್ರು ಹೋದಾಗ ಮೈದುನಂದಿರು ಪೇಪರ್ ಹಿಡ್ಕೊಂಡು ಬಂದಿದ್ರು, ಮನೆ ಬಿಟ್ಟುಕೊಡು ಅಂತ. ಮೂರು ದಿನ ಬಾಗಿಲಲ್ಲೇ ಕೂತಿದ್ರು. ನಾನು ಹಾಕ್ಲಿಲ್ಲ."

"ಹೆದರ್ಕೆ ಆಗ್ಲಿಲ್ವಾ?"

"ಆಗ್ದೆ ಏನು? ಕೈಕಾಲೆಲ್ಲ ನಡುಗ್ತಿತ್ತು. ಹೆದರ್ಕೊಂಡೇ ಹಾಕ್ಲಿಲ್ಲ."

ಇಪ್ಪತ್ತೆರಡು ವರ್ಷ ನಾನು ಆ ದೃಶ್ಯದಲ್ಲಿ ಎದೆ ಸೆಟೆಸಿ ಗುಡುಗಿದ್ದೆ, ಚಪ್ಪಾಳೆ ಗಿಟ್ಟಿಸಿದ್ದೆ. ಒಂದು ಸಲವೂ ನಡುಗಿರಲಿಲ್ಲ.

ಮರುದಿನ ಅವಳ ಕಥೆಯನ್ನು ಅವಳ ಒಪ್ಪಿಗೆ ಪಡೆದೇ ಆ ಹುಡುಗನಿಗೆ ಹೇಳಿದೆ. ಪೂರ್ತಿ ಕೇಳಿದ. "ಇದು ಬೇರೆಯದೇ ಸಿನಿಮಾ ಆಗತ್ತೆ ಮೇಡಂ" ಅಂದ. ನಾನೂ ಹೇಳಿದೆ, "ನೋಡಪ್ಪಾ, ನಾನು ಸಹಿ ಹಾಕಲ್ಲ. ಬೇಕಿದ್ರೆ ಈಗ್ಲೇ ಬೇರೆಯವರನ್ನ ಹುಡುಕು." ಅವನು ನಕ್ಕುಬಿಟ್ಟ. ಸೆಟ್ಟಿಗೆ ಬಂದ ಮೇಲೆ ಸರಿಹೋಗುತ್ತಾಳೆ ಅಂದುಕೊಂಡಿರಬೇಕು.

ಬನಶಂಕರಿಯ ಒಂದು ಹಳೇ ಮನೆಯ ಹಾಲ್ ಅನ್ನು ಲಾಯರ್ ಆಫೀಸು ಮಾಡಿದ್ದರು. ಮೊದಲ ಟೇಕ್. ಪೆನ್ನು ತಗೊಂಡೆ, ಕಾಗದದ ಮೇಲೆ ಬಗ್ಗಿದೆ. ಕೈ ನಡುಗಿತು, ನಡುಗಲಿ ಅಂತ ಬಿಟ್ಟೆ. ಪೆನ್ನಿನ ಕ್ಯಾಪ್ ಹಾಕಿ ಕಾಗದವನ್ನು ಆಚೆ ತಳ್ಳಿದೆ. "ಕಟ್." ಎರಡನೇ ಟೇಕಿನಲ್ಲೂ ಹಾಗೇ ಮಾಡಿದೆ. ಮೂರನೆಯದು ಮುಗಿದ ಮೇಲೆ ಅವನು ಎಲ್ಲರೆದುರೇ ದನಿ ಏರಿಸಿದ.

"ಮೇಡಂ, ಇದು ನಿಮ್ಮ ನಾಟಕ ಅಲ್ಲ, ನನ್ನ ಸಿನಿಮಾ!"

"ಸಿನಿಮಾ ನಿಂದೇ. ಕೈ ನಂದು."

ಅವನು ಮಾನಿಟರ್ ಕಡೆ ತಿರುಗಿ, "ಮೇಡಂಗೆ ಆಟೋ ಕರೀರಿ" ಅಂದ. ಊಟದ ಹೊತ್ತಿಗೆ ಮನೆಯಲ್ಲಿದ್ದೆ. ಬೇರೆಯವರಿಗೆ ಆಯಾ ವೇಷ ಹಾಕಿಸಿ ಎಲ್ಲವನ್ನೂ ಮತ್ತೆ ತೆಗೆಯುತ್ತಾನೆ ಎಂದುಕೊಂಡೆ. ಆದರೆ ಎಂಟು ತಿಂಗಳ ಮೇಲೆ ಮೊದಲ ಪ್ರದರ್ಶನಕ್ಕೆ ಕರೆ ಬಂತು.

ಜೆ.ಪಿ. ನಗರದ ಮಾಲ್ ಒಂದರಲ್ಲಿ, ಭಾನುವಾರ ಬೆಳಿಗ್ಗೆ. ಅಮ್ಮನ ಹತ್ತಿರ ತಂಗಿಯನ್ನು ಕೂರಿಸಿ, ಸುದ್ದಗುಂಟೆಪಾಳ್ಯದವಳನ್ನು ಜೊತೆಗೆ ಕರೆದುಕೊಂಡು ಹೋದೆ. ಸಿನಿಮಾ ಚೆನ್ನಾಗಿತ್ತು, ಇಲ್ಲ ಅನ್ನಲ್ಲ. ತಲೆ ಬಾಚುವ ದೃಶ್ಯಕ್ಕೆ ನನಗೇ ಕಣ್ಣು ತುಂಬಿತು. ಕೊನೆಗೆ ಲಾಯರ್ ಆಫೀಸು ಬಂತು. ನನ್ನ ಮುಖ, ಕಾಗದ, ಮತ್ತೆ ಹತ್ತಿರದಿಂದ ಒಂದು ಕೈ. ಅದು ಪೆನ್ನು ಹಿಡಿದು ನೆಟ್ಟಗೆ ಸಹಿ ಹಾಕಿತು.

ಪಕ್ಕದಿಂದ ದನಿ ಬಂತು, ನಾಲ್ಕು ಸಾಲಿಗೆ ಕೇಳುವಷ್ಟು. "ಅಕ್ಕಾ, ಇದ್ಯಾರ ಕೈ?"

ಸಿನಿಮಾ ಮುಗಿದ ಮೇಲೆ ನಮ್ಮನ್ನೆಲ್ಲ ಪರದೆಯ ಮುಂದೆ ನಿಲ್ಲಿಸಿದರು. ಒಬ್ಬ ಹುಡುಗಿ ಎದ್ದು ಕೇಳಿದಳು, "ಮೇಡಂ, ಸೈನ್ ಹಾಕುವಾಗ ನಿಮಗೆ ಏನನ್ನಿಸ್ತು?" ನಿರ್ದೇಶಕ ನನ್ನ ಕಡೆ ನೋಡಿದ. ಆ ನೋಟದಲ್ಲಿ 'ಹೇಳ್ಬೇಡಿ' ಎಂಬ ಬೇಡಿಕೆ ಇತ್ತು. ನನಗೆ ಅರ್ಥವಾಗಲಿಲ್ಲ ಎಂದಲ್ಲ.

ಮೈಕ್ ತಗೊಂಡೆ. "ಆ ಕೈ ನನ್ನದಲ್ಲಮ್ಮ. ಚಿಕ್ಕವಳಿದ್ದಾಗ ಬಾಗಿಲಿಗೆ ಸಿಕ್ಕಿ ನನ್ನ ತೋರುಬೆರಳು ಸೊಟ್ಟಗಾಗಿದೆ, ನೋಡು. ನಾನು ಮೂರು ಸಲವೂ ಹಾಕಲ್ಲ ಅಂತ ಪೇಪರ್ ತಳ್ಳಿದೆ. ಇವರು ಬೇರೆಯವರ ಕೈಯಲ್ಲಿ ಹಾಕಿಸಿದ್ರು."

ಜನ ಮೊದಲು ನಕ್ಕರು. ಆಮೇಲೆ ನಗು ನಿಂತಿತು.

ಯಾರೋ ಅದನ್ನು ಫೋನಿನಲ್ಲಿ ಹಿಡಿದಿದ್ದರು. ವಾರವೆಲ್ಲ ಬೈಗುಳ. ಮುದುಕಿಗೆ ಅಹಂಕಾರ ಅಂದರು, ಅನ್ನ ಕೊಟ್ಟ ಹುಡುಗನ ಮರ್ಯಾದೆ ತೆಗೆದಳು ಅಂದರು. ಪಾತ್ರ ಕೊಡುತ್ತೇವೆ ಅಂದಿದ್ದ ಬೇರೆ ಇಬ್ಬರೂ ಮತ್ತೆ ಫೋನ್ ಮಾಡಲಿಲ್ಲ. ತಂಗಿ ಕೂಡ, "ಒಳಗೊಳಗೇ ಹೇಳ್ಬಹುದಿತ್ತಲ್ಲೇ" ಅಂದಳು. ಒಳಗೆ ಹೇಳಿದ್ದೆ. ಒಳಗೆ ಹೇಳಿದ್ದಕ್ಕೇ ಆಟೋ ಹತ್ತಿಸಿದ್ದು.

ಎರಡು ತಿಂಗಳ ಮೇಲೆ ನಮ್ಮ ತಂಡ ನಾಟಕವನ್ನು ಮತ್ತೆ ಆಡಿತು. ಈ ಸಲ ನಾನು ಗುಡುಗಲಿಲ್ಲ. ಸಭೆಯ ನಡುವೆ ನಿಂತು ನಡುಗಿದೆ, ನಡುಗುತ್ತಲೇ ಆಗಲ್ಲ ಅಂದೆ. ಚಪ್ಪಾಳೆ ಬೀಳಲಿಲ್ಲ. ಯಾರೂ ಎದ್ದು ಹೋಗಲೂ ಇಲ್ಲ.

ಬಣ್ಣ ಒರೆಸಿಕೊಂಡು ಹೊರಗೆ ಬಂದರೆ ಆ ಹುಡುಗ ನಿಂತಿದ್ದ.

"ನನ್ನ ಸಿನಿಮಾದ ಕೊನೆ ತಪ್ಪು ಅಂತ ನಂಗೆ ಈಗಲೂ ಅನ್ಸಲ್ಲ ಮೇಡಂ. ಹೆಚ್ಚಿನವರು ಹಾಕೇ ಹಾಕ್ತಾರೆ."

"ಹಾಕ್ತಾರಪ್ಪಾ, ಗೊತ್ತು. ಹಾಕದೆ ಇರೋಳ ಮುಖಕ್ಕೆ ಹಾಕಿದವಳ ಕೈ ಅಂಟಿಸ್ಬೇಡ, ಅಷ್ಟೇ."

ಅವನು ಕ್ಷಮೆ ಕೇಳಲಿಲ್ಲ. ನಾನೂ ಕೇಳಲಿಲ್ಲ. ಮುಂದಿನ ತಿಂಗಳ ಮೈಸೂರಿನ ಪ್ರಯೋಗಕ್ಕೆ ನಮ್ಮಲ್ಲಿ ಲೈಟ್ ಮಾಡುವವರು ಇರಲಿಲ್ಲ. ಬರ್ತೀಯಾ ಅಂದೆ. ಯೋಚಿಸಿ ಹೇಳ್ತೀನಿ ಅಂದ.