ಮಾರ್ಚ್‌ಗೆ ಮುಂಚೆ ಊರಿಗೆ

ತಮ್ಮನ ಹೊಟ್ಟೆಯಲ್ಲಿ ಗಡ್ಡೆಯಾಗಿದೆ ಎಂಬ ಸುದ್ದಿ ಬಂದಾಗ ನಾನು ಕೊಲ್ಲಿ ದೇಶದ ಒಂದು ವಿಮಾನ ಕಂಪನಿಯಲ್ಲಿ ಕ್ಯಾಪ್ಟನ್ ಆಗಿದ್ದೆ. ಅಲ್ಲಿಗೆ ಹೋಗಿ ನಾಲ್ಕು ವರ್ಷವಾಗಿತ್ತು. ನಮ್ಮದು ತಮಿಳುನಾಡಿನ ಸೇಲಂ ಕಡೆಯ ಮೇಚೇರಿ ಪಕ್ಕದ ಹಳ್ಳಿ, ಮನೆಮಾತು ಕನ್ನಡ. ತಮ್ಮ ಅಲ್ಲೇ ಇದ್ದು ಹೊಲ ನೋಡಿಕೊಳ್ಳುತ್ತಿದ್ದ, ಕುರಿ ಸಾಕುತ್ತಿದ್ದ. ಅಪ್ಪ ಅವ್ವ ತೀರಿಹೋದ ಮೇಲೆ ನನಗೆ ಊರು ಅಂದರೆ ಅವನೇ. ನನ್ನ ಹೆಂಡತಿ ತಮಿಳಿನವಳು, ಮನೆಯಲ್ಲಿ ಮಗಳೂ ಸೇರಿ ಎಲ್ಲರೂ ಆಡುವುದು ತಮಿಳು. ಕೆಲಸದಲ್ಲಿ ಇಂಗ್ಲಿಷು. ಕನ್ನಡಕ್ಕೆ ತಮ್ಮನೊಬ್ಬನೇ ಇದ್ದ. ಊರಿನ ಶಾಲೆ ತಮಿಳಿನದು, ಕನ್ನಡದ ಅಕ್ಷರ ನಾನು ಕಲಿತದ್ದೂ ತಡವಾಗಿ, ಮೈಸೂರಿನಲ್ಲಿ ವಿಮಾನ ಹಾರಿಸುವುದನ್ನು ಕಲಿಯುವಾಗ. ಅವನಿಗೆ ಕೊನೆಯವರೆಗೂ ಕನ್ನಡ ಓದಲು ಬರಲಿಲ್ಲ.

ಹೊರದೇಶದಲ್ಲಿ ದುಡಿಯುವವನು ವರ್ಷದಲ್ಲಿ ಇಂತಿಷ್ಟು ದಿನಕ್ಕಿಂತ ಹೆಚ್ಚು ಇಲ್ಲಿ ಉಳಿದರೆ ತೆರಿಗೆಯವರ ಕಣ್ಣಲ್ಲಿ ಅವನು ಮತ್ತೆ ಇಲ್ಲಿಯವನೇ ಆಗುತ್ತಾನೆ, ಅಲ್ಲಿಯ ಸಂಬಳಕ್ಕೂ ಇಲ್ಲಿ ತೆರಿಗೆ ಬೀಳುತ್ತದೆ. ನಮ್ಮ ವಿಮಾನದವರೆಲ್ಲ ರಜೆ ಹಾಕುವಾಗ ಈ ಲೆಕ್ಕ ನೋಡಿಯೇ ಹಾಕುವುದು. ಒಂದು ಸಲ ಊರಿಗೆ ಬಂದಾಗ ಇದನ್ನು ತಮ್ಮನಿಗೆ ವಿವರಿಸಿದೆ. ಅವನು ಕುರಿಗೆ ಸೊಪ್ಪು ಕಟ್ಟುತ್ತಿದ್ದವನು ಕೈ ನಿಲ್ಲಿಸಿ ಕೇಳಿಸಿಕೊಂಡ.

"ಅಂಗಾರೆ ನಮ್ಮೂರ್ನಾಗೆ ನೀ ಎಷ್ಟ್ ದಿವ್ಸ ಇರ್ಬೌದು ಅಂತ ಅವ್ರು ಏಳ್ತಾರಾ, ಅಣ್ಣ?" ಅಂದ.

ಹಾಗಲ್ಲ, ಇರಬೇಡ ಎಂದು ಯಾರೂ ಹೇಳುವುದಿಲ್ಲ, ಇದ್ದರೆ ತೆರಿಗೆ ಕಟ್ಟಬೇಕು ಅಷ್ಟೇ ಎಂದೆ. ಅವನು ನಕ್ಕು ಸೊಪ್ಪು ಕಟ್ಟಲು ಹೋದ. ಆಮೇಲೆ ನಾನು ಬಂದಾಗಲೆಲ್ಲ, ಈ ಸಲ ಸರ್ಕಾರ ಎಷ್ಟು ದಿನ ಬಿಟ್ಟಿದೆ ಎಂದು ಕೇಳುವುದು ಅವನಿಗೆ ರೂಢಿಯಾಯಿತು.

ಆಡಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಅವನಿಗೆ ಹೊಟ್ಟೆನೋವು ಶುರುವಾಯಿತು. ಮೊದಲು ಮೇಚೇರಿಯಲ್ಲಿ ತೋರಿಸಿದರು, ಆಮೇಲೆ ಸೇಲಂಗೆ ಹೋದರು. ಸೇಲಂನ ಡಾಕ್ಟರು ಅವನ ಹೆಂಡತಿಗೆ ಎಲ್ಲವನ್ನೂ ಬಿಡಿಸಿ ಹೇಳದೆ ಅವಳ ಫೋನಿನಿಂದಲೇ ನನ್ನ ಜೊತೆ ಮಾತಾಡಿದರು. ಆಪರೇಷನ್ ಮಾಡುವ ಹಂತ ದಾಟಿದೆ, ಬೇಸಿಗೆ ಕಾಣುವುದು ಕಷ್ಟ ಎಂದರು. ಆ ಹೊತ್ತಿಗೆ ನಾನು ಡ್ಯೂಟಿಗೆ ಹೋಗಲು ಅಂಗಿ ಹಾಕಿಕೊಂಡಿದ್ದೆ. ಈ ಮನಸ್ಸಿನಲ್ಲಿ ಹಾರಲಾರೆ ಎಂದು ಕಂಪನಿಗೆ ತಿಳಿಸಿ, ಅಂಗಿ ಬಿಚ್ಚಿ, ಮಂಚದ ಮೇಲೆ ಕೂತೆ.

ಕೆಲಸ ಬಿಡುವ ವಿಚಾರ ಹೆಂಡತಿಗೆ ಹೇಳಿದಾಗ ಅವಳು ಬೇಡ ಅನ್ನಲಿಲ್ಲ. ಸೇಲಂನಲ್ಲಿ ನನ್ನ ಲೆಕ್ಕ ನೋಡುವ ಆಡಿಟರ್ ಮಾತ್ರ ಅವಸರ ಬೇಡ ಎಂದರು. ರಜೆಯಲ್ಲಿ ಬಂದುಹೋಗುವುದು ಬೇರೆ, ಕೆಲಸವನ್ನೇ ಬಿಟ್ಟು ಬರುವುದು ಬೇರೆ. ಈಗ ಬಂದರೆ ಏಪ್ರಿಲ್‌ನಿಂದ ಅಲ್ಲಿ ದುಡಿದದ್ದಕ್ಕೆಲ್ಲ ಇಲ್ಲಿ ತೆರಿಗೆ ಕಟ್ಟಬೇಕಾಗುತ್ತದೆ. ಹತ್ತಾರು ವರ್ಷ ಹೊರಗಿದ್ದವರಿಗೆ ಸಿಗುವ ರಿಯಾಯಿತಿಯೂ ನಿಮಗಿಲ್ಲ. ಮಾರ್ಚ್ ಮುಗಿಸಿಕೊಂಡು ಬನ್ನಿ ಎಂದು ಬಿಡಿಸಿ ಹೇಳಿದರು. ಒಳ್ಳೆಯ ಮನುಷ್ಯ. ತಮ್ಮನ ವಿಷಯ ತಿಳಿಸಿದಾಗ, ಹಾಗಾದರೆ ಬಂದುಬಿಡಿ, ಮಿಕ್ಕದ್ದು ನಾನು ನೋಡಿಕೊಳ್ಳುತ್ತೇನೆ ಎಂದರು.

ತೆರಿಗೆಗಿಂತ ನನಗೆ ಕಷ್ಟವಾದದ್ದು ಇನ್ನೊಂದು. ವಿಮಾನ ಹಾರಿಸುವವರಿಗೆ ಹಿರಿತನ ಕಂಪನಿಯಿಂದ ಕಂಪನಿಗೆ ಬರುವುದಿಲ್ಲ. ಎಲ್ಲಿ ಎಷ್ಟು ವರ್ಷ ಹಾರಿಸಿರಲಿ, ಹೊಸ ಕಂಪನಿಗೆ ಸೇರಿದ ದಿನದಿಂದ ಅವನು ಹೊಸಬ. ಬೆಂಗಳೂರಿನಲ್ಲಿ ನನಗೆ ಕೆಲಸ ಕೊಡಲು ಒಪ್ಪಿದವರ ಹತ್ತಿರ ಆಗ ಕ್ಯಾಪ್ಟನ್ ಜಾಗ ಇರಲಿಲ್ಲ. ಸಹ ಪೈಲಟ್ ಆಗಿ ಬಲಗಡೆ ಸೀಟಿನಲ್ಲಿ ಕೂರುವುದಾದರೆ ಬನ್ನಿ ಎಂದರು. ಎಡಗಡೆಯ ಕ್ಯಾಪ್ಟನ್ ಸೀಟಿಗೆ ಬರಲು ನನಗೆ ಹನ್ನೊಂದು ವರ್ಷ ಹಿಡಿದಿತ್ತು. ಒಪ್ಪಿಕೊಂಡೆ. ಇದನ್ನು ತಮ್ಮನಿಗೆ ಹೇಳಲಿಲ್ಲ.

ನೋಟಿಸಿನ ಅವಧಿ ಮುಗಿಸಿ ಬರುವಷ್ಟರಲ್ಲಿ ದೀಪಾವಳಿ ಕಳೆದಿತ್ತು. ಹೆಂಡತಿ ಮಗಳು ಬೆಂಗಳೂರಿನಲ್ಲಿ ಮನೆ ಹೂಡಿದರು. ಹೊಸ ಕಂಪನಿಯ ತರಬೇತಿ ಶುರುವಾಗುವ ತನಕ ನಾನು ಊರಿನಲ್ಲೇ ಉಳಿದೆ. ತಮ್ಮ ಅರ್ಧಕ್ಕೆ ಇಳಿದುಹೋಗಿದ್ದ. ಈ ಸಲ ಎಷ್ಟು ದಿನ ಎಂದು ಕೇಳಲಿಲ್ಲ. ನನ್ನ ಪೆಟ್ಟಿಗೆಗಳನ್ನು ನೋಡಿಯೇ ಅವನಿಗೆ ಗೊತ್ತಾಗಿರಬೇಕು.

ನಾನು ಓಡಿಸುವ ವಿಮಾನವನ್ನು ಅವನು ಎಂದೂ ಹತ್ತಿರದಿಂದ ನೋಡಿರಲಿಲ್ಲ. ಒಂದು ಮಧ್ಯಾಹ್ನ ನೋವು ಕಡಿಮೆ ಇದ್ದಾಗ ಕಾರಿನಲ್ಲಿ ಕೂರಿಸಿಕೊಂಡು ಓಮಲೂರು ದಾಟಿ ಸೇಲಂ ವಿಮಾನ ನಿಲ್ದಾಣದ ಕಡೆಗೆ ಹೋದೆ. ಅಲ್ಲಿಗೆ ಬರುವುದು ನಾನು ಓಡಿಸುವಂಥದ್ದಲ್ಲ, ಫ್ಯಾನಿನಂಥ ರೆಕ್ಕೆ ತಿರುಗುವ ಸಣ್ಣ ವಿಮಾನ. ಬೇಲಿಯ ಹೊರಗೆ, ಹೊಲದ ಬದುವಿನ ಪಕ್ಕ ಕಾರು ನಿಲ್ಲಿಸಿದೆವು. ವಿಮಾನ ಕಡಯಂಪಟ್ಟಿ ಕಡೆಯಿಂದ ತಗ್ಗುತ್ತಾ ಬಂದು ನಮ್ಮೆದುರೇ ಇಳಿಯಿತು. ಇಳಿಸುವವನಿಗೆ ನೆಲ ಎಷ್ಟು ದೂರವಿದೆ ಎಂದು ಹೇಗೆ ಗೊತ್ತಾಗುತ್ತದೆ, ಕುರಿಯೋ ನಾಯಿಯೋ ಅಡ್ಡ ಬಂದರೆ ಏನು ಮಾಡುತ್ತೀರಿ ಎಂದೆಲ್ಲ ಕೇಳಿದ. ಹೇಳಿದೆ. ಅಷ್ಟು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ನಾವು ಮಾತಾಡಿದ್ದು ಅದೇ ಮೊದಲು. ವಾಪಸು ಬರುವಾಗ ಸೀಟನ್ನು ಹಿಂದಕ್ಕೆ ಒರಗಿಸಿಕೊಂಡು ಮಲಗಿದ. ಮುಖದಲ್ಲಿ ಸಮಾಧಾನವಿತ್ತು.

ತರಬೇತಿ ಮುಗಿದು ಹಾರಾಟ ಶುರುವಾದ ಮೇಲೂ ರಜೆ ಸಿಕ್ಕಾಗಲೆಲ್ಲ ಬೆಂಗಳೂರಿನಿಂದ ಧರ್ಮಪುರಿ ದಾಟಿ ಊರಿಗೆ ಬರುತ್ತಿದ್ದೆ. ಪೊಂಗಲ್‌ಗೆ ಮುಂಚೆ ಒಂದು ಬೆಳಿಗ್ಗೆ ತಮ್ಮನ ಹೆಂಡತಿ ನನ್ನ ಕೆಲಸದ ಅಂಗಿ ಒಗೆದು ಅಂಗಳದ ತಂತಿಗೆ ಹಾಕಿದ್ದಳು. ಹೆಗಲಪಟ್ಟಿ ತೆಗೆದಿಟ್ಟು ಒಗೆಯಲು ಹೇಳಿದ್ದೆ. ಅವನ್ನು ಅವಳು ತಮ್ಮನ ಮಂಚದ ಪಕ್ಕದ ಕಿಟಕಿಯಲ್ಲಿ ಇಟ್ಟಿದ್ದಳು. ನಾನು ಒಳಗೆ ಹೋದಾಗ ಅವನು ಒಂದನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದ. ಗೋಡೆಯಲ್ಲಿ ನನ್ನದೊಂದು ಫೋಟೋ ಇತ್ತು, ಕ್ಯಾಪ್ಟನ್ ಆದ ವರ್ಷದ್ದು.

"ಪಟದಾಗೆ ನಾಕ್ ಗೆರೆ ಐತೆ. ಇದ್ರಾಗೆ ಮೂರೇ ಐತಲ್ಲ, ಅಣ್ಣ" ಅಂದ.

ಕ್ಯಾಪ್ಟನ್‌ಗೆ ನಾಲ್ಕು ಗೆರೆ, ಸಹ ಪೈಲಟ್‌ಗೆ ಮೂರು. ಬೇರೆ ಕಂಪನಿಯ ಅಂಗಿ ಬೇರೆ ಥರ ಎಂದು ಏನೋ ಶುರುಮಾಡಿದೆ. ಅವನು ನಂಬಲಿಲ್ಲ.

"ನನ್ಗೋಸ್ಕರ ಕೆಳಕ್ ಇಳ್ದ್ಬುಟ್ಯಾ?"

"ಸುಮ್ಮ ಇರ್ಲಾ. ಯಾವ ಸೀಟ್ನಾಗ್ ಕೂತ್ರೂ ವಿಮಾನ ಒಂದೇ."

ಅವನು ಪಟ್ಟಿಯನ್ನು ಕಿಟಕಿಯಲ್ಲಿ ಇಟ್ಟು ಗೋಡೆಯ ಕಡೆಗೆ ಹೊರಳಿದ. ಅಳುತ್ತಿದ್ದಾನೆ ಎಂದು ಬೆನ್ನಿನಿಂದ ತಿಳಿಯಿತು. ನಾನು ಮಂಚದ ಅಂಚಿನಲ್ಲಿ ಕೂತು ಅವನ ಕಾಲು ಒತ್ತಿದೆ. ಕಾಲಿನಲ್ಲಿ ಮೂಳೆ ಬಿಟ್ಟರೆ ಏನೂ ಇರಲಿಲ್ಲ. ಇನ್ನೂ ಗೋಡೆಯ ಕಡೆಗೇ ನೋಡುತ್ತಾ ಅವನು, "ನೀ ಬಂದಿದ್ದು ಒಳ್ಳೇದಾಯ್ತು" ಅಂದ.

ಪೊಂಗಲ್ ಕಳೆದ ಮೇಲೆ ಅವನು ಎದ್ದು ಓಡಾಡಲಿಲ್ಲ. ತೈ ತಿಂಗಳ ಕೊನೆಯಲ್ಲಿ, ಫೆಬ್ರವರಿಯ ಒಂದು ಬೆಳಿಗ್ಗೆ, ಅವನ ಹೆಂಡತಿ ಕಾಫಿಗೆ ಹಾಲು ಕಾಯಿಸುತ್ತಿದ್ದಾಗ ಉಸಿರು ನಿಂತಿತು. ಅಂದು ನನಗೆ ರಜೆ ಇತ್ತು, ಅವನ ಪಕ್ಕದಲ್ಲಿದ್ದೆ. ನಮ್ಮ ಹೊಲದ ಅಂಚಿನಲ್ಲೇ ಮಣ್ಣು ಮಾಡಿದೆವು. ಮೂರನೆಯ ದಿನ ಹಾಲುತುಪ್ಪ ಬಿಟ್ಟು ಬಂದ ಮೇಲೆ ಅವನ ಹೆಂಡತಿ, "ನಿಮ್ ಕೆಲ್ಸ ಅಂಗೇ ಆಯ್ತಲ್ಲ, ಭಾವ" ಎಂದು ಬಾಯಿಗೆ ಸೆರಗು ಇಟ್ಟುಕೊಂಡಳು. ಮೂರು ಗೆರೆಯ ವಿಷಯ ತಮ್ಮ ಅವಳಿಗೆ ಹೇಳಿದ್ದನೆಂದು ಆಗ ಗೊತ್ತಾಯಿತು.

ಬೇಸಿಗೆಯಲ್ಲಿ ತೆರಿಗೆ ಕಟ್ಟಿದೆ. ಕಟ್ಟುವಾಗ ಸಂಕಟವೇನೂ ಆಗಲಿಲ್ಲ. ಮಾರ್ಚ್ ಮುಗಿಯುವ ತನಕ ಅಲ್ಲೇ ಇದ್ದಿದ್ದರೆ ನಾನು ಅವನ ಮಣ್ಣಿಗೆ ಬರುತ್ತಿದ್ದೆ, ಅವನ ಹತ್ತಿರಕ್ಕೆ ಬರುತ್ತಿರಲಿಲ್ಲ. ಹಾಗೆಂದು ದುಃಖ ಕಡಿಮೆಯಾಯಿತು ಎಂದಲ್ಲ. ಅವನ ಹೆಂಡತಿ ಒಬ್ಬಳಿಂದ ಆಗುವುದಿಲ್ಲ ಎಂದು ಕುರಿಗಳಲ್ಲಿ ಹೆಚ್ಚಿನವನ್ನು ಮೇಚೇರಿ ಸಂತೆಯಲ್ಲಿ ಮಾರಿದಳು. ಮಾರುವ ದಿನ ನಾನೂ ಜೊತೆಗೆ ಹೋಗಿದ್ದೆ. ಕೊಂಡವನು ಕುರಿಗಳನ್ನು ವ್ಯಾನಿಗೆ ಹತ್ತಿಸುವಾಗ ಅವಳು ಒಂದೊಂದನ್ನೂ ಮುಟ್ಟಿ ಕಳಿಸಿದಳು.

ಈಗಲೂ ನಾನು ಬಲಗಡೆ ಸೀಟಿನಲ್ಲೇ ಕೂರುತ್ತೇನೆ. ಎಡಗಡೆ ಕೂರುವ ಹುಡುಗರಲ್ಲಿ ಎಷ್ಟೋ ಜನ ನನಗಿಂತ ಚಿಕ್ಕವರು, ಮರ್ಯಾದೆಯಿಂದಲೇ ನಡೆದುಕೊಳ್ಳುತ್ತಾರೆ. ಮೊನ್ನೆ ಕೊಚ್ಚಿಗೆ ಹೋಗುವಾಗ ಮೋಡವಿಲ್ಲದೆ ನಮ್ಮೂರಿಗೆ ಹತ್ತಿರದ ಮೆಟ್ಟೂರು ಅಣೆಕಟ್ಟಿನ ನೀರು ಸ್ಪಷ್ಟವಾಗಿ ಕಾಣಿಸಿತು. "ಅಗೋ ನಮ್ಮೂರು" ಎಂಬ ಮಾತು ಕನ್ನಡದಲ್ಲೇ ಬಾಯಿಗೆ ಬಂತು. ಪಕ್ಕದ ಕ್ಯಾಪ್ಟನ್ ಏನೆಂದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದ. ಏನಿಲ್ಲ ಎಂದೆ.