ಹಗಲಿನ ಕಂದೀಲು

ಠಣ್ ಎಂದು ಸ್ಟೀಲಿನ ಲೋಟ ಬಿದ್ದು, ತೆಲಸಂಗದ ದ್ರಾಕ್ಷಿ ಒಣಗಿಸುವ ಶೆಡ್ಡಿನ ಉದ್ದಕ್ಕೂ ಉರುಳಿತು. ಬಿದ್ದದ್ದು ನಾಟಕದ ತಾಲೀಮಿನಲ್ಲಿದ್ದ ರಾಜನ ಕೈಯಿಂದ. ರಾಜನೆಂದರೆ ದ್ರಾಕ್ಷಿ ಬೆಳೆಗಾರ ಅಭಿನಂದನ.

"ಬಾಯಾರ, ನಾಳೆ ಏಳಕ್ಕ ಆಟ ಅಂದ್ರ ಹೊತ್ತು ಮುಳಗಿರತೈತಲ್ರಿ! ನಾ ರೊಟ್ಟಿ ಹೆಂಗ ತಿನ್ನಲಿ?"

ರಾಜಮತಿ ಬಾಯಿ ಪುಸ್ತಕದಿಂದ ತಲೆಯೆತ್ತಿದರು. ರಾಯಬಾಗದ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಇಂಗ್ಲಿಷ್ ಕಲಿಸಿದವರು. ಕೈಯಲ್ಲಿದ್ದ, ನಾಲ್ಕುನೂರು ವರ್ಷ ಹಳೆಯ ಆ ಇಂಗ್ಲಿಷ್ ನಾಟಕ ಪಾಠದಲ್ಲಿರಲಿಲ್ಲ. ಒಬ್ಬರೇ ಓದಿ, ಅಂಚಿನಲ್ಲೆಲ್ಲ ಪೆನ್ಸಿಲಿನಿಂದ ಬರೆದುಕೊಂಡಿದ್ದರು. ಬಸ್ಸಿನಲ್ಲಿ ಅದರ ಸಾಲು ಗುನುಗುತ್ತಿದ್ದರೆ ಕಂಡಕ್ಟರು ಸ್ತೋತ್ರವೆಂದುಕೊಂಡು ಟಿಕೆಟ್ ಕೇಳಲು ಕಾಯುತ್ತಿದ್ದ. ಆ ಮಾತುಗಳನ್ನು ಒಮ್ಮೆ ಇನ್ನೊಬ್ಬರ ಬಾಯಲ್ಲಿ ಕೇಳಬೇಕು, ಅದೊಂದೇ ಆಸೆ. ನಿವೃತ್ತಿಯ ಮೇಲೆ ಅದನ್ನು ಆಡಿಸಲು ತೆಲಸಂಗದ ಕಡೆಯ ಹಳೆಯ ವಿದ್ಯಾರ್ಥಿಗಳನ್ನು ಕೂಡಿಸಿದರು. ಅಭಿನಂದನ ಬಳ್ಳಿಗೆ ಔಷಧ ಹೊಡೆಯುತ್ತಲೇ ರಾಜನ ನೂರಾಮೂವತ್ತು ಸಾಲು ಬಾಯಿಪಾಠ ಮಾಡಿದ್ದ.

ಈಗ ಜೈನರ ಚಾತುರ್ಮಾಸ, ಮಳೆಗಾಲದ ನಾಲ್ಕು ತಿಂಗಳ ವ್ರತ. ಹೊತ್ತು ಮುಳುಗಿದ ಮೇಲೆ ಅವನು ಏನೂ ತಿನ್ನುವುದಿಲ್ಲ. ನಾಟಕದಲ್ಲಿ ಔತಣ ನಡೆಯುವುದೇ ರಾತ್ರಿ.

"ತಿಂದಂಗ ಮಾಡಿದ್ರ ಸಾಕಲೇ," ಎಂದ ಸೇನಾಪತಿ ಪಾತ್ರದ ಬಾಬಾಸಾಹೇಬ.

"ನಮ್ಮವ್ವ ಮುಂದ ಕುಂತಿರತಾಳ. ಕೈ ಬಾಯಿಗಿ ಹೋದ್ರ ಸಾಕು, ಸ್ಟೇಜ್ ಹತ್ತಿ ಕಿವಿ ಹಿಂಡತಾಳ. ನನಗೂ ಮನಸಿಲ್ಲ. ಬ್ಯಾರೆ ರಾಜನ್ನ ನೋಡ್ಕೊಳ್ರಿ ಬಾಯಾರ."

ರಾಜಮತಿ ಬಾಯಿಯವರಿಗೆ ನಾಚಿಕೆಯೂ ನಗುವೂ ಒಟ್ಟಿಗೆ ಬಂದವು. ನಲವತ್ತು ವರ್ಷಗಳಿಂದ ಆರಕ್ಕೇ ಊಟ ಮುಗಿಸುವ ತಾವೇ ವಾಟ್ಸಾಪಿನಲ್ಲಿ 'ಸಂಜೆ ಏಳಕ್ಕೆ' ಎಂದು ಹಾಕಿದ್ದರು! ತಾಲೀಮೆಲ್ಲ ಮಧ್ಯಾಹ್ನವೇ ನಡೆದದ್ದರಿಂದ ಯಾರಿಗೂ ಹೊಳೆದಿರಲಿಲ್ಲ. ನಾಟಕದಲ್ಲಿ ತುತ್ತು ಬಿಡುವಂತಿರಲಿಲ್ಲ: ಒಂದು ತುತ್ತು ತಿಂದು, ಎರಡನೆಯದನ್ನು ಎತ್ತುವಾಗಲೇ ರಾಜ ತಾನು ಗಡೀಪಾರು ಮಾಡಿದ ತಮ್ಮನನ್ನು ಕಾಣುತ್ತಾನೆ. ಅಷ್ಟು ಸಾಲು ಬೇರೆ ಯಾರಿಗೂ ಬರುವುದಿಲ್ಲ.

ಪುಟ ತಿರುವಿದರು. ಅಂಚಿನಲ್ಲಿ ಅವರದೇ ಹಳೆಯ ಅಕ್ಷರ: ಆಗ ನಾಟಕ ಬಯಲಲ್ಲಿ, ಮಧ್ಯಾಹ್ನದ ಬೆಳಕಲ್ಲಿ, ಪಂಜು ಹಿಡಿದು ಬಂದರೆ ರಾತ್ರಿ ಎಂದರ್ಥ. ನೂರು ಸಲ ಓದಿದ್ದ ಸಾಲು ಈಗ ತಾನೇ ಬಂದ ಪತ್ರದಂತೆ ಕಂಡಿತು.

"ಬಾಬಾಸಾಹೇಬ, ಮನ್ಯಾಗ ಕಂದೀಲ ಐತೇನೋ?"

"ಅಟ್ಟದ ಮ್ಯಾಲ ಐತ್ರಿ. ಯಾಕ?"

"ನಾಳೆ ನಾಕಕ್ಕ ಆಟ. ನೀ ಅದನ್ನ ಹಚ್ಚಿಕೊಂಡ ಬಂದ್ರ ರಾತ್ರಿ ಆತು ಅಂತ."

"ಬಿಸಲಾಗ ಕಂದೀಲ? ಮಂದಿ ನಗತಾರ್ರಿ!"

"ನಾಕನೂರು ವರ್ಷದ ಹಿಂದ ಯಾರೂ ನಕ್ಕಿಲ್ಲ."

"ನೀವು ನೋಡಾಕ ಹೋಗಿದ್ರೇನ್ರಿ?"

ಮರುದಿನ ಕಂದೀಲು ಬಂದಾಗ ಮಂದಿ ನಕ್ಕರು. ಮುಂದೆ ಕುಳಿತಿದ್ದ ಅಭಿನಂದನನ ತಾಯಿ ಸೋನಾಬಾಯಿ ತಿರುಗಿ ಗದರಿಸಿದಳು: "ಸುಮ್ಮ ಕುಂದರ್ರಿ, ರಾತ್ರಿ ಆಗೇತಿ!" ರಾಜ ನಿಶ್ಚಿಂತೆಯಿಂದ ರೊಟ್ಟಿ ತಿಂದ. ತಮ್ಮನನ್ನು ಕಂಡು ಎರಡನೆಯ ತುತ್ತು ಅರ್ಧಕ್ಕೇ ನಿಂತಿತು. ಆ ಹಳೆಯ ಇಂಗ್ಲಿಷು ತೆಲಸಂಗದ ಗಂಟಲಿನಿಂದ ಎದ್ದು ಶೆಡ್ಡು ತುಂಬಿತು. ಪರದೆಯ ಹಿಂದೆ ರಾಜಮತಿ ಬಾಯಿ ಪುಸ್ತಕ ಮುಚ್ಚಿ ಕೇಳಿದರು.

ಆಟ ಮುಗಿದ ಮೇಲೆ ಸೋನಾಬಾಯಿ ರಾಜಮತಿ ಬಾಯಿಯವರ ಕೈ ಹಿಡಿದಳು. "ಮಾತ ತಿಳಿಲಿಲ್ರಿ. ತಮ್ಮನ್ನ ಕಂಡ ಅಂವಾ ಏನಂದಾ?"

"ಏನಂದಾ ಅಂದ್ರ, ತಮ್ಮಾ, ನಿನ್ನ ಪಾಲಿನ..."

ಶೆಡ್ಡಿನ ಮೂಲೆಯಲ್ಲಿ ಬಾಬಾಸಾಹೇಬ, ಕಂದೀಲು ಆರಿಸುವುದನ್ನೂ ಮರೆತು, ಹೆಂಡತಿಯ ಮುಂದೆ ರಾಜನ ಸಾಲುಗಳನ್ನೇ ಹೇಳುತ್ತಿದ್ದ, ಅರ್ಧ ತಪ್ಪು ತಪ್ಪಾಗಿ.

"ಆಮ್ಯಾಲ್ರಿ ಬಾಯಾರ?" ಎಂದಳು ಸೋನಾಬಾಯಿ.

ರಾಜಮತಿ ಬಾಯಿ ಆಗಲೇ ಆ ತಪ್ಪು ಸಾಲುಗಳನ್ನು ಕೇಳಲು ಕಂದೀಲಿನತ್ತ ಹೊರಟುಹೋಗಿದ್ದರು.